ಬೆನ್ನು ತಿರುಗಿಸಿದ ಕೋಳಿ

ಮೂಡುಬಿದಿರೆ, ಹಾಸ್ಟೆಲ್
ಭಾನುವಾರ

ಅಜ್ಜನಿಗೆ ತೃಷಾಳ ನಮಸ್ಕಾರ.

ಫೋನಿನಲ್ಲಾದರೆ ನೀವು ಮಾತು ಬದಲಿಸುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನನ್ನ ಬಾಕ್ಸಿಂಗ್ ಪಂದ್ಯ ನೋಡಿ ಊರಿಗೆ ಹೋದ ಮೇಲೆ ನೀವು ಮಡಂತ್ಯಾರು ಪೇಟೆಯಲ್ಲಿ ಹೇಳಿದ್ದನ್ನು ಅಮ್ಮ ತಿಳಿಸಿದರು. “ಸೋತದ್ದಕ್ಕೆ ಬೇಜಾರಿಲ್ಲ ಮಾರಾಯ. ಬೆನ್ನು ತಿರುಗಿಸಿದ ಕೋಳಿ ಮತ್ತೆ ಕಾದುವುದುಂಟಾ?” ಕೋಳಿ ಅಂಕದಲ್ಲಿ ನಿಮ್ಮ ಮಾತು ಸರಿ. ಅಲ್ಲಿ ಬೆನ್ನು ಹಾಕಿದ ಹುಂಜ ಸೋತ ಹಾಗೆಯೇ.

ಆದರೆ ನಾನು ತಿರುಗಿದ್ದು ನಮ್ಮ ಕೋಚ್ ಕಡೆಗೆ. ಅವರು ಟವೆಲ್ ಕೈಗೆತ್ತಿಕೊಂಡದ್ದು ಕಂಡಿತು. ಅದನ್ನು ರಿಂಗಿನೊಳಗೆ ಎಸೆದರೆ ಪಂದ್ಯ ಅಲ್ಲಿಗೇ ನಿಲ್ಲುತ್ತದೆ. ಬೇಡ ಎಂದು ತಲೆಯಾಡಿಸಿದೆ. ಅಷ್ಟರಲ್ಲಿ ಕೆನ್ನೆಗೆ ಏಟು ಬಿತ್ತು.

ಸುಳ್ಳು ಹೇಳುವುದಿಲ್ಲ ಅಜ್ಜ. ಎಸೆದುಬಿಡಲಿ ಎಂದೂ ಒಳಗೆ ಅನಿಸಿತ್ತು. ತಲೆ ಬೇಡ ಅಂದಿತು, ಕಾಲು ಸಾಕು ಅಂದಿತು. ಇದರಲ್ಲಿ ನಾನು ಯಾವುದು ಎಂದು ಇನ್ನೂ ಯೋಚಿಸುತ್ತಿದ್ದೇನೆ. ಕೊನೆಯ ಗಂಟೆಯವರೆಗೆ ಹೊಡೆದಾಡಿದ್ದು ಮಾತ್ರ ನಿಜ.

ಅದನ್ನು ನೀವು ನೋಡಿಲ್ಲ. ನಾನು ತಿರುಗಿದಾಗ ಕೋಚ್ ಹಿಂದಿನ ಬೆಂಚಿನಲ್ಲಿ ನೀವೂ ಕಂಡಿರಿ. ಹೆಗಲ ಮೇಲಿನ ಬೈರಾಸು ಎತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದಿರಿ. ಗಂಟೆ ಬಾರಿಸಿದ ಮೇಲೂ ಅದು ಮುಖದ ಮೇಲೇ ಇತ್ತು.

ಮುಂದಿನ ತಿಂಗಳು ಬಂಟ್ವಾಳದಲ್ಲಿ ಪಂದ್ಯ ಉಂಟು. ಬರುವಾಗ ನೋವಿನ ಎಣ್ಣೆ ತನ್ನಿ, ಇಲ್ಲಿಯದು ಮುಗಿದಿದೆ. ಬೈರಾಸು ಮಾತ್ರ ಮನೆಯಲ್ಲೇ ಇರಲಿ.

ನಿಮ್ಮ ಪುಳ್ಳಿ,
ತೃಷಾ