ಮೂರನೇ ಬಾಗಿಲಿನ ನೀರು

೮ ಸೆಪ್ಟೆಂಬರ್ ೨೦೨೪, ರವಿವಾರ

ನಲ್ಲಿ ಹತ್ತೇ ನಿಮಿಷ ಬಂತು. ಎರಡು ಕೊಡ, ಒಂದು ಬಕೆಟ್, ಅಷ್ಟೇ. ಅಬ್ಬಾನ ಮೊಣಕಾಲಿಗೆ ಎಣ್ಣೆ ತಿಕ್ಕಿ, ಚಹಾ ಕೊಟ್ಟು, ಪೇಪರು ತಿದ್ದಲು ಕೂತೆ. ಏಳನೇ ಕ್ಲಾಸು, ಕನ್ನಡ, ಗಾದೆ ವಿಸ್ತರಣೆ. ಮೂವತ್ತೊಂದು ಮಕ್ಕಳು, ಒಂದೇ ಉತ್ತರ. ಯಾರದ್ದನ್ನು ಯಾರು ನೋಡಿ ಬರೆದರೋ. ಎಲ್ಲರಿಗೂ ಸೊನ್ನೆ.

ಆಮೇಲೆ ಆ ಪುಸ್ತಕ ತೆಗೆದೆ. ರಾಧಿಕಾ ಟೀಚರ್ ಸ್ಟಾಫ್ ರೂಮಿನಲ್ಲಿ ಕೊಟ್ಟಿದ್ದು — 'ಪುಕ್ಕಟೆ ಯಾದಗಿರಿ'. ಟಿಕೆಟ್ ಇಲ್ಲದೆ ನೋಡಬಹುದಾದ ಗುಡಿ, ಮಸೀದಿ, ಕೋಟೆ, ಬಾವಿ. ಯಾದಗಿರಿ, ಶಹಾಪುರ, ಸುರಪುರ. ಬರೆದವನು ಸುನೀಲಕುಮಾರ, ಕಾಲೇಜಿನಲ್ಲಿ ಲೆಕ್ಚರರ್. ಎರಡು ವರ್ಷ ಪ್ರತಿ ರವಿವಾರ ನಮ್ಮ ಕಟ್ಟೆಯ ಮೇಲೆ ಕೂತು, ನಾನು ಮಾಡಿದ ಚಹಾ ಕುಡಿದು, ಅಬ್ಬಾನ ಬಾಯಿಯ ಮುಂದೆ ಮೊಬೈಲ್ ಹಿಡಿದವನು.

ಅರವತ್ತನಾಲ್ಕು ಪುಟ. ಎಲ್ಲ ಅಬ್ಬಾ ಹೇಳಿದ್ದೇ. ಯಾವ ತೋಪಿನ ಬಾಯಿ ಯಾವ ಕಡೆಗಿದೆ, ಯಾವ ಮೆಟ್ಟಿಲು ಜಾರುತ್ತದೆ, ಎಲ್ಲಿ ಕೂತರೆ ಗಾಳಿ ಬರುತ್ತದೆ — ಹಾಸ್ಯವನ್ನೂ ಬಿಟ್ಟಿಲ್ಲ. ಅಬ್ಬಾನ ಹೆಸರು ಹುಡುಕಿದೆ. ಶರೀಫಸಾಬ ಎಂಬ ಐದಕ್ಷರ ಎಲ್ಲೂ ಇಲ್ಲ. ಹನ್ನೊಂದನೇ ಪುಟದಲ್ಲಿ ಒಂದು ಕಡೆ — "ಸ್ಥಳೀಯ ವೃದ್ಧರೊಬ್ಬರು ಹೇಳುವಂತೆ".

ಸ್ಥಳೀಯ ವೃದ್ಧರೊಬ್ಬರು.

ನಲವತ್ತು ವರ್ಷ. ಯಾದಗಿರಿ ಕೋಟೆ ಗುಡ್ಡದ ಕೆಳಗೆ ಅಬ್ಬಾನ ಸೈಕಲ್ ಅಂಗಡಿ. ಯಾರಾದರೂ ಕೋಟೆಗೆ ಬಂದರೆ ಪಂಕ್ಚರ್ ಅರ್ಧಕ್ಕೆ ಬಿಟ್ಟು ಮೇಲೆ ಕರೆದುಕೊಂಡು ಹೋಗುವುದು. ಯಾರಾದರೂ ಜೇಬಿಗೆ ಕೈ ಹಾಕಿದರೆ ಒಂದೇ ಮಾತು: "ಗುಡ್ಡ ಏನ್ ನಮ್ಮಪ್ಪ ಕಟ್ಟಿಸ್ಯಾನೇನ್ರಿ, ರೊಕ್ಕ ತಗೊಳ್ಳಾಕ?" ಕಾಲು ಮುರಿದ ಮೇಲೆ ಹತ್ತಿಲ್ಲ. ಈಗ ಇವನು ಹತ್ತುತ್ತಾನೆ.

ಅಬ್ಬಾಗೆ ಹೇಳಲಿಲ್ಲ. ಅವರು ಓದುವುದು ಉರ್ದು ಮಾತ್ರ. ಮನೆಯಲ್ಲಿ ದಖನಿ ಆಡುವ ನಾನು ಡೈರಿಯನ್ನು ಕನ್ನಡದಲ್ಲಿ ಬರೆಯುವುದೂ ಅದಕ್ಕೇ.

ಬಿಡುವುದಿಲ್ಲ ಅವನನ್ನು.

೧೫ ಸೆಪ್ಟೆಂಬರ್, ರವಿವಾರ

ಶಾಲೆಗೆ ಹಾಕಿಕೊಳ್ಳದ ನಖಾಬು ಇವತ್ತು ಹಾಕಿಕೊಂಡೆ, ಅವನಿಗೆ ಮುಖ ಕಾಣದಂತೆ. ಅವನ 'ಪುಕ್ಕಟೆ ದರ್ಶನ'ಕ್ಕೆ ನಾನೂ ಹೋದೆ. ಇಪ್ಪತ್ತೆರಡು ಜನ, ಸರ್ಕಾರಿ ಬಸ್ಸು. ಹೆಂಗಸರಿಗೆ ಆಧಾರ್ ತೋರಿಸಿದರೆ ಬಸ್ಸೂ ಪುಕ್ಕಟೆ.

ಶಹಾಪುರದ ಹತ್ತಿರ ರಸ್ತೆ ಬದಿ ಇಳಿಸಿ ಗುಡ್ಡ ತೋರಿಸಿದ. ಮಲಗಿದ ಬುದ್ಧ. ಕೆಳಗೆ ಭತ್ತದ ಗದ್ದೆ, ಮೇಲೆ ಹಣೆ, ಮೂಗು, ಗದ್ದ. "ಮೆಲ್ಲಕ ಮಾತಾಡ್ರಿ," ಅಂದ. ಸ್ವಲ್ಪ ನಿಂತ. "ಎದ್ದನಂದ್ರ ಟಿಕೆಟ್ ಹಚ್ಚತಾನ." ಎಲ್ಲರೂ ನಕ್ಕರು. ಅದು ಅಬ್ಬಾನ ಹಾಸ್ಯ. ಆ ನಡುವೆ ನಿಲ್ಲುವುದೂ ಅಬ್ಬಾನದೇ — ಅವರಿಗೆ ದಮ್ಮಿನ ತ್ರಾಸು, ಅದಕ್ಕೆ ನಿಲ್ಲುತ್ತಿದ್ದರು. ಈ ಗಟ್ಟಿಮುಟ್ಟಾದ ಪ್ರಾಣಿಗೆ ಏನಾಗಿದೆ? ಉಸಿರನ್ನೂ ಕದ್ದಿದ್ದಾನೆ.

ವನದುರ್ಗದಲ್ಲೂ ಅದೇ. ಸುರಪುರದ ಅರಮನೆಯ ಮುಂದೂ ಅದೇ. ಒಬ್ಬ ಹೆಣ್ಣುಮಗಳು ಕೇಳಿದಳು, "ಇಷ್ಟೆಲ್ಲ ಹ್ಯಾಂಗ ಗೊತ್ರಿ ಸರ್ ನಿಮಗ?" ಅವನು ಕನ್ನಡಕ ತೆಗೆದು ಒರೆಸಿದ. "ಫೀಲ್ಡ್ ವರ್ಕ್ ರೀ."

ನಮ್ಮ ಕಟ್ಟೆ ಫೀಲ್ಡು. ನನ್ನ ಚಹಾ ವರ್ಕು.

ಮನೆಗೆ ಬಂದಾಗ ಅಬ್ಬಾ ಬಾಗಿಲಲ್ಲೇ ಕೂತಿದ್ದರು. "ಸುನೀಲ ಬಂದು ಭಾಳ ದಿನ ಆತು. ಆರಾಮ ಅದಾನೋ ಇಲ್ಲೋ, ಒಂದು ಫೋನರ ಮಾಡು." ಮಾಡುತ್ತೇನೆ ಅಂದೆ. ಮಾಡಲಿಲ್ಲ.

೨೭ ಸೆಪ್ಟೆಂಬರ್, ಶುಕ್ರವಾರ

ಸುನೀಲಕುಮಾರ ತಾನಾಗಿಯೇ ಬಂದ. ಮನೆಗಲ್ಲ, ರಾಮಸಮುದ್ರಕ್ಕೆ, ನನ್ನ ಶಾಲೆಗೆ. ಅಬ್ಬಾನ ಮುಖ ನೋಡುವ ಧೈರ್ಯ ಇಲ್ಲ, ಆದರೆ ಇನ್ನೂ ಬೇಕು.

"ಅಕ್ಕಾರ, ಪುಸ್ತಕ ಖಾಲಿ ಆಗ್ಯಾವ್ರಿ. ಜನವರಿಗೆ ಎರಡನೇ ಮುದ್ರಣ. ಗುಡ್ಡದ ಮ್ಯಾಲೇ ಬಿಡುಗಡೆ. ಕಲಬುರಗಿಯಿಂದ ಪ್ರೊಫೆಸರ್ ಬರ್ತಾರ್ರಿ. ಚಾಚಾ ಹೇಳಲಾರದ್ದು ಏನರ ಉಳದದೇನ್ರಿ?"

ಆಗ ನನ್ನ ಬಾಯಿಗೆ ಬಂತು. ಮೊದಲೇ ಯೋಚಿಸಿದ್ದಲ್ಲ.

"ಒಂದದ. ಗುಡ್ಡದ ಕೋಟ್ಯಾಗ ಮೂರನೇ ಬಾಗಿಲ ಬಾಜು ಕುಳಿ ಬಿದ್ದ ಕಲ್ಲು ನೋಡೀರೇನು?"

"ನೋಡೀನ್ರಿ. ಖಾರ ಅರಿಯೋ ಕಲ್ಲಂತ ಮಾಡಿದ್ದೆ."

"ಖಾರ ಅಲ್ಲ. ಕೋಟಿಗೆ ಮುತ್ತಿಗಿ ಬಿದ್ದಾಗ ಒಬ್ಬಾಕಿ ಕೆಳಗಿಂದ ನೀರು ಹೊತ್ತು ಸಿಪಾಯಿಗೋಳಿಗೆ ಕುಡಸ್ಯಾಳ. ಆ ಕಲ್ಲಿನ ಮ್ಯಾಲೇ ಕೊಡ ಇಳಸ್ತಿದ್ಲು. ಇಳಸಿ ಇಳಸಿ ಕುಳಿ ಬಿದ್ದದ."

ಅವನು ಬರೆದುಕೊಳ್ಳುತ್ತಿದ್ದ. "ಹೆಸರು ಗೊತ್ತದೇನ್ರಿ?"

"ಖಾಸಿಂಬೀ," ಅಂದೆ.

ಅಮ್ಮಿಯ ಹೆಸರು. ಅವಳು ತೀರಿ ಹದಿಮೂರು ವರ್ಷ. ಬಾಯಿಗೆ ಬೇರೆ ಯಾವುದೂ ಬರಲಿಲ್ಲ. ಅಬ್ಬಾನನ್ನು ಒಂದು ಮಾತು ಕೇಳಿದರೆ ಸಾಕು, ಒಂದೇ ನಿಮಿಷದಲ್ಲಿ ನನ್ನ ಸುಳ್ಳು ಬಯಲು. ಆದರೆ ಅವನು ಕೇಳುವುದಿಲ್ಲ. ಅವನ ರೋಗ ಅದೇ — ಯಾರನ್ನು ಕೇಳಬೇಕೋ ಅವರನ್ನು ಕೇಳುವುದಿಲ್ಲ. ಅದೇ ಅವನ ಕುತ್ತಿಗೆಗೆ ಹಗ್ಗ.

ಅಚ್ಚಾಗಲಿ. ಪ್ರೊಫೆಸರ್ ಮುಂದೆ ಓದಲಿ. ಆಮೇಲೆ ಎದ್ದು ನಿಂತು ರೇಷನ್ ಕಾರ್ಡ್ ತೋರಿಸುತ್ತೇನೆ. ನೋಡ್ರಿ ನಿಮ್ಮ ಮುತ್ತಿಗೆಯ ಖಾಸಿಂಬೀ, ತಿಂಗಳಾ ಅಕ್ಕಿ, ಎಣ್ಣೆ ತಗೊಂಡಾಳ.

೨೦ ಅಕ್ಟೋಬರ್, ರವಿವಾರ

ಮತ್ತೆ ನಖಾಬು. ಗುಡ್ಡ ಹತ್ತಿದೆ. ಮೂರನೇ ಬಾಗಿಲಲ್ಲಿ ನಿಂತು ಕಥೆ ಹೇಳಿದ. ಕಥೆ ಬೆಳೆದಿದೆ — ಈಗ ಅವಳಿಗೆ ಬಾಣ ಬೇರೆ ತಗಲಿದೆ. ಕೊನೆಗೆ ಎಲ್ಲರಿಗೂ ಅಂದ, "ನಿಮ್ಮ ನಿಮ್ಮ ಬಾಟ್ಲಿಯಿಂದ ಒಂದೊಂದು ಗುಟುಕು ಖಾಸಿಂಬೀಗೆ ಹಾಕ್ರಿ." ಹಾಕಿದರು. ಕುಳಿ ತುಂಬಿತು. ಜನ ಮುಂದೆ ಹೋದ ಮೇಲೆ ಎರಡು ಗುಬ್ಬಿ ಬಂದು ಕುಡಿದವು.

ನಗು ತಡೆಯಲಾಗಲಿಲ್ಲ. ಎಷ್ಟು ಎತ್ತರ ಹತ್ತುತ್ತಾನೋ ಹತ್ತಲಿ, ಬೀಳುವಾಗ ಅಷ್ಟೇ ಪೆಟ್ಟು.

ನನ್ನ ಬಾಟಲಿಯಿಂದಲೂ ಹಾಕಿದೆ. ಹಾಕದಿದ್ದರೆ ಅನುಮಾನ ಬರುತ್ತಿತ್ತು.

೧೭ ನವೆಂಬರ್, ರವಿವಾರ

ಹೋಗಬಾರದಿತ್ತು.

ಇಳಿಯುವಾಗ ಹಂಪಮ್ಮ ಗುರುತು ಹಿಡಿದಳು. ಮೆಟ್ಟಿಲ ಬುಡದಲ್ಲಿ ಹುರಿದ ಶೇಂಗಾ ಮಾರುವವಳು, ನಾನು ಹುಟ್ಟುವ ಮೊದಲಿನಿಂದ ಅಲ್ಲೇ. ನಖಾಬಿನೊಳಗೇ ಗುರುತು ಹಿಡಿದಳು, ನಡಿಗೆ ನೋಡಿ.

"ಅರ್ಜುಮಂದ, ನಿಮ್ಮವ್ವಂದು ಹೆಸರು ಹೇಳಾಕತ್ತಾರಲ್ಲವ್ವ ಮ್ಯಾಲ. ಕೇಳಿ ಭಾಳ ಸಮಾಧಾನ ಆತು ನೋಡು."

"ಅದು ಹಳೇ ಕಾಲದಾಕಿ ಅವ್ವ, ಬ್ಯಾರೆ."

"ಎಲ್ಲಿ ಹಳೇ ಕಾಲದಾಕಿ. ನಾ ಕಣ್ಣಿಲೆ ನೋಡೀನಿ. ನಿಮ್ಮಪ್ಪ ಮಂದೀನ ಕರ್ಕೊಂಡು ಮಾತಾಡ್ಕೋತ ಮುಂದ ಹೋಗಾಂವ. ಈಕಿ ತಲಿ ಮ್ಯಾಲೊಂದು, ನಡದಾಗೊಂದು ಕೊಡ ಇಟ್ಕೊಂಡು ಹಿಂದಿಂದ. ಬಂದ ಮಂದಿಗೆ ನೀರಡಿಕಿ ಆಗ್ತದಂತ. ಮೂರನೇ ಬಾಗಿಲಕ್ಕ ಇಳಸಾಕಿ. ಬಿಸಲಾಗ. ನೀ ಹೊಟ್ಟ್ಯಾಗಿದ್ದಾಗೂ ಬಿಟ್ಟಿಲ್ಲ."

ಶೇಂಗಾ ಪೊಟ್ಟಣ ಕೈಗಿಟ್ಟಳು. ತಿನ್ನಲಿಲ್ಲ.

ನನಗೆ ನೆನಪಿತ್ತು. ಮರೆತದ್ದಲ್ಲ, ತೆಗೆದು ನೋಡಿರಲಿಲ್ಲ. ರವಿವಾರ ಮಧ್ಯಾಹ್ನ ಅಮ್ಮಿ ಒದ್ದೆ ಸೆರಗಿನಲ್ಲಿ ಮನೆಗೆ ಬಂದು, ಗೋಡೆಗೆ ಒರಗಿ, ಕುತ್ತಿಗೆ ತಿಕ್ಕಿಕೊಳ್ಳುತ್ತಿದ್ದಳು. ಹೈಸ್ಕೂಲಿನಲ್ಲಿದ್ದಾಗ ಗೆಳತಿಯರು ನೋಡಿಯಾರೆಂದು ನಾನು ಆ ರಸ್ತೆಗೇ ಹೋಗುತ್ತಿರಲಿಲ್ಲ. ಆ ಸುಳ್ಳು ನನ್ನ ಬಾಯಿಗೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು.

ಇರಲಿ. ಇದರಿಂದ ಅವನ ಕಳ್ಳತನ ಕಳ್ಳತನ ಅಲ್ಲದೆ ಹೋಗುವುದಿಲ್ಲ.

೧೨ ಜನವರಿ ೨೦೨೫, ರವಿವಾರ

ಎರಡು ತಿಂಗಳು ಬರೆಯಲಿಲ್ಲ. ಬರೆದರೆ ಮೆತ್ತಗಾಗುತ್ತೇನೆಂಬ ಭಯ.

ಪುಸ್ತಕ ಅಚ್ಚಾಗಿದೆ. ರಾಧಿಕಾ ಟೀಚರ್ ವಾಟ್ಸಾಪಿನಲ್ಲಿ ಪುಟದ ಫೋಟೋ ಕಳಿಸಿದಳು. "ಖಾಸಿಂಬೀಯ ಕಲ್ಲು" — ಒಂದೂವರೆ ಪುಟ. ಆಧಾರ: ಲೇಖಕರ ಕ್ಷೇತ್ರಕಾರ್ಯ. ಹನ್ನೊಂದನೇ ಪುಟದಲ್ಲಿ ಸ್ಥಳೀಯ ವೃದ್ಧರೊಬ್ಬರು ಹಾಗೇ ಇದ್ದಾರೆ.

ರೇಷನ್ ಕಾರ್ಡ್ ಸಿಕ್ಕಿತು. ಅಮ್ಮಿಯ ಫೋಟೋ ಅರ್ಧ ಅಳಿಸಿದೆ, ಹೆಸರು ಸ್ಪಷ್ಟ ಇದೆ. ಚೀಲದಲ್ಲಿಟ್ಟೆ. ಆದರೆ ಕಾರ್ಡಿಗಿಂತ ದೊಡ್ಡ ಸಾಕ್ಷಿ ನನ್ನ ಹತ್ತಿರ ಇದೆ. ಅಬ್ಬಾನನ್ನೇ ಕರೆದುಕೊಂಡು ಹೋಗುತ್ತೇನೆ. ಎಲ್ಲರ ಮುಂದೆ ಕೇಳುತ್ತೇನೆ, ಇದು ಖರೇನಾ ಅಂತ. ಗುಡ್ಡದ ವಿಷಯದಲ್ಲಿ ಅವರು ಹುಟ್ಟಿದಾಗಿನಿಂದ ಒಂದೂ ಸುಳ್ಳು ಹೇಳಿಲ್ಲ. "ಸುಳ್ಳು" ಅಂತ ಒಂದು ಮಾತು ಅವರ ಬಾಯಿಂದ ಬಂದರೆ ಸಾಕು. ಅವನ ಪುಸ್ತಕ, ಅವನ ಪ್ರೊಫೆಸರ್, ಅವನ ಕನ್ನಡಕ — ಎಲ್ಲ ಗುಡ್ಡದಿಂದ ಉರುಳಬೇಕು. ಆಗ ಕೇಳುತ್ತಾರೆ, ಈ ಮುದುಕ ಯಾರು ಎಂದು. ಆಗ ಹೆಸರು ಹೇಳುತ್ತೇನೆ.

ಅಬ್ಬಾನ ತಂಗಿ, ನಮ್ಮ ಫುಫ್ಫಿಯ ಮಕ್ಕಳು ಗಯಾಸ, ಸೊಹೇಲ್ ಕುರ್ಚಿಯಲ್ಲಿ ಹೊತ್ತುಕೊಂಡು ಹೋಗಲು ಒಪ್ಪಿದ್ದಾರೆ. ಗುಡ್ಡಕ್ಕೆ ಹೋಗುವುದೆಂದಾಗ ಅಬ್ಬಾ ಶೇರ್ವಾನಿಗೆ ಇಸ್ತ್ರಿ ಹಾಕಿಸು ಅಂದರು.

೧೯ ಜನವರಿ, ರವಿವಾರ, ಮಧ್ಯಾಹ್ನ ಮೂರು

ಮುಗಿಯಿತು. ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಕೆಡುತ್ತದೆ.

ಪ್ಲಾಸ್ಟಿಕ್ ಕುರ್ಚಿ. ಪ್ರತಿ ತಿರುವಿಗೂ ಅಬ್ಬಾ ಕೈಯೆತ್ತಿ ಒಂದೊಂದು ಕಲ್ಲಿಗೆ ಸಲಾಂ ಮಾಡಿದರು. ಮೂರನೇ ಬಾಗಿಲ ಬಳಿ ಶಾಮಿಯಾನ, ಮೈಕು, ನೂರು ಜನ. ಸುನೀಲಕುಮಾರ ಓಡಿ ಬಂದು ಅಬ್ಬಾನ ಕಾಲು ಮುಟ್ಟಿದ. ಕೊನೆಯ ಸಾಲಿನಲ್ಲಿ ಕೂರಿಸಿದ. ಸ್ವಾಗತದಲ್ಲಿ ಹದಿನಾಲ್ಕು ಹೆಸರು ಹೇಳಿದರು, ಮೈಕಿನವನ ಹೆಸರು ಕೂಡ. ಶರೀಫಸಾಬ ಇಲ್ಲ.

ಅವನು ಶುರು ಮಾಡಿದ. ಅಬ್ಬಾನ ಮಾತು, ಅಬ್ಬಾನ ಉಸಿರು. ನೋಡಿದರೆ ಅಬ್ಬಾನ ತುಟಿ ಅವನ ಜೊತೆಗೇ ಅಲುಗುತ್ತಿದೆ. ನನ್ನ ಕಡೆ ಬಗ್ಗಿ, "ಒಂದೂ ತಪ್ಪಿಲ್ಲ ನೋಡು, ಚಲೋ ಕಲ್ತಾನ," ಅಂದರು. ಅವರಿಗೆ ಸಿಟ್ಟಿಲ್ಲ. ಅವರ ಪಾಲಿನ ಸಿಟ್ಟೂ ನಾನೇ ಹೊತ್ತುಕೊಂಡೆ.

ಆಮೇಲೆ ಖಾಸಿಂಬೀ ಬಂದಳು. ಕೊಡ, ಬಿಸಿಲು, ಮುತ್ತಿಗೆ, ಬಾಣ. ಅಬ್ಬಾನ ತುಟಿ ನಿಂತಿತು.

ಎದ್ದೆ. ನಖಾಬು ತೆಗೆದೆ. "ಸರ್, ಒಂದು ಮಾತು. ನಿಮಗ ಇದೆಲ್ಲ ಕಲಿಸಿದವರು ಇಲ್ಲೇ ಕೂತಾರ. ಈ ಕತಿ ಖರೇನೋ ಸುಳ್ಳೋ, ಅವರನ್ನ ಕೇಳ್ರಿ."

ನೂರು ತಲೆ ತಿರುಗಿದವು. ಅವನ ಮುಖದಲ್ಲಿ ಬಣ್ಣ ಹೋಯಿತು. ಆಗ ಗೊತ್ತಾಯಿತು ಅವನಿಗೆ, ನಾನು ಕಂಡೆ, ಕಣ್ತುಂಬ ಕಂಡೆ. ಪ್ರೊಫೆಸರ್ ಪೆನ್ನು ಎತ್ತಿ ಕೂತರು. ಆ ಒಂದು ನಿಮಿಷಕ್ಕಾಗಿ ನಾಲ್ಕು ತಿಂಗಳು ಕಾದಿದ್ದೆ.

ಅಬ್ಬಾ ಕಲ್ಲನ್ನೇ ನೋಡುತ್ತಿದ್ದರು. ದಮ್ಮು ಎಳೆದುಕೊಂಡರು.

"ಖರೇ ಅದ್ರಿ," ಅಂದರು. "ನೀರು ಖಾಸಿಂಬೀನೇ ಹೊತ್ತಾಳ. ಕೊಡ ಇಲ್ಲೇ ಇಳಸ್ಯಾಳ. ನಾ ಯಾರಿಗೂ ಹೇಳಿದ್ದಿಲ್ಲ. ತಪ್ಪು ನಂದು."

ಜನ ಚಪ್ಪಾಳೆ ಹೊಡೆದರು. ಪ್ರೊಫೆಸರ್ ಬರೆದುಕೊಂಡರು. ಸುನೀಲಕುಮಾರನಿಗೆ ಜೀವ ಬಂತು. ಮೈಕು ಹತ್ತಿರ ಹಿಡಿದು ಅಂದ, "ಕೇಳಿದ್ರಲ್ಲ, ಸ್ಥಳೀಯ ಹಿರಿಯರೊಬ್ಬರು ಒಪ್ಪಿಕೊಂಡಾರ."

ರೇಷನ್ ಕಾರ್ಡ್ ಚೀಲದಲ್ಲೇ ಉಳಿಯಿತು.

೨೦ ಜನವರಿ, ಸೋಮವಾರ, ಸಂಜೆ ಆರು

ಶಾಲೆಗೆ ಹೋಗಲಿಲ್ಲ. ಈಗ ಸ್ವಲ್ಪ ಹೊತ್ತಿನ ಹಿಂದೆ ಅಬ್ಬಾನ ಎದುರು ಹೋಗಿ ಕೂತು ಕೇಳಿದೆ: ಅವನನ್ನು ಯಾಕೆ ಉಳಿಸಿದಿರಿ?

"ಅವನನ್ನ ಯಾಕ ಉಳಸಲಿ. ನಿಮ್ಮಮ್ಮಿ ಹೆಸರು ಗುಡ್ಡದ ಮ್ಯಾಲ ಒಮ್ಮೆ ಬಂದಿತ್ತು. ನಾ ಹ್ಯಾಂಗ ಸುಳ್ಳಂತ ಹೇಳಲಿ?"

ಸರಿ ಅನ್ನಿಸಿತು. ಕಣ್ಣು ತುಂಬಿ ಬಂತು. ಸುಮ್ಮನೆ, ಏನೋ ಕೇಳಬೇಕೆಂದು, ಇನ್ನೊಂದು ಕೇಳಿದೆ. ಮೇಲೆ ತೋಪಿನ ಹತ್ತಿರ ನಿಂತರೆ ಊರೆಲ್ಲ ಕಾಣುತ್ತದೆ, ಅಮ್ಮಿಗೆ ಅದು ಸೇರುತ್ತಿತ್ತೇ?

ಅಬ್ಬಾ ಮೊಣಕಾಲು ಒತ್ತಿಕೊಂಡರು.

"ಆಕಿ ಮ್ಯಾಲ ಬಂದಿಲ್ಲ. ಮೂರನೇ ಬಾಗಿಲಕ್ಕ ಇಳಿಸಿ ಹೊಳ್ಳಿ ಹೋಗ್ತಿದ್ಲು. ರೊಟ್ಟಿ ಬಡೀಬೇಕಲ್ಲ."

ಒಮ್ಮೆಯೂ ಇಲ್ಲವೇ?

"ಒಮ್ಮೆ ಕೇಳಿದ್ಲು. ಮುಂದಿನ ರವಿವಾರ ಅಂದಿದ್ದೆ."

ಎದ್ದು ಬಂದೆ.

ಇಪ್ಪತ್ತು ವರ್ಷ ನೀರು ಹೊತ್ತಳು. ದಿಲ್ಲಿಯವರು ನೋಡಿದರು, ಪರದೇಶದವರು ನೋಡಿದರು, ಎಲ್ಲರಿಗೂ ಪುಕ್ಕಟೆ. ಅವಳಿಗೆ ಮುಂದಿನ ರವಿವಾರ.

ಸುನೀಲಕುಮಾರ ಕದ್ದದ್ದು ಮಾತು. ಅದಕ್ಕೆ ನಾಲ್ಕು ತಿಂಗಳು ಹಲ್ಲು ಮಸೆದೆ. ಇದಕ್ಕೆ ಏನು ಮಾಡಲಿ? ಆ ರಸ್ತೆಗೇ ಹೋಗದೆ ತಪ್ಪಿಸಿಕೊಂಡವಳಿಗೆ ಏನು ಮಾಡಲಿ?

ಹೊರಗೆ ಅಬ್ಬಾ ನೀರು ಕೇಳುತ್ತಿದ್ದಾರೆ. ಕೊಡ ಇಲ್ಲೇ, ನನ್ನ ಪಕ್ಕದಲ್ಲೇ ಇದೆ. ಎರಡನೇ ಸಲ ಕೇಳಿದರು. ಕೇಳಲಿ. ಇವತ್ತೊಂದು ದಿನ, ಸ್ವಲ್ಪ ಹೊತ್ತು, ಕೇಳುತ್ತಿರ—