ಮೊದಲ ಹಾರಾಟದ ಚೀಟಿ

ಶುಕ್ರವಾರ, ಮಾರ್ಚ್ ೧೪

ಪೈಲಟ್ ಮಹಾರಾಣಿಯವರಿಗೆ,

ಕಾಗದ ಸಿಕ್ಕಿತು. ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರ ನೋಡಿ ನಾನು ಕರಗಿಹೋಗುತ್ತೇನೆ ಅಂದುಕೊಂಡಿದ್ದರೆ ಆ ಆಸೆ ಬಿಡು. ನಾಲ್ಕು ಪುಟದಲ್ಲಿ ಒಂಬತ್ತು ಸಲ ಕ್ಷಮಿಸು ಎಂದಿದ್ದೀಯ. ಕ್ಷಮಿಸುವುದಿಲ್ಲ.

ಎರಡು ವರ್ಷ ಕಾಲೇಜಿನ ಶೆಡ್ಡಿನಲ್ಲಿ ಕೂತು ಗ್ಲೈಡರಿನ ರೆಕ್ಕೆಗೆ ಬಟ್ಟೆ ಹೊಲಿದವಳು ನಾನು. ಕೂದಲಿಗೆ ಹತ್ತಿದ ಅಂಟಿನ ವಾಸನೆ ತಾಳಲಾರದೆ ನನ್ನಕ್ಕ ಹಾಸಿಗೆಯನ್ನೇ ಬೇರೆ ಕೋಣೆಗೆ ಹಾಕಿಕೊಂಡಳು. ನೀನು ಆಗ ಪೈಲಟ್ ಕನ್ನಡಕ ಹಾಕಿಕೊಂಡು ಸ್ಟೂಲಿನ ಮೇಲೆ ಫೋಟೊ ತೆಗೆಸಿಕೊಳ್ಳುತ್ತಿದ್ದೆ. ಆದರೂ ಚೀಟಿ ಎತ್ತಿದಾಗ ಮೊದಲ ಹಾರಾಟ ನನ್ನ ಪಾಲಿಗೆ ಬಂತು. "ನಮ್ಮ ಈ ಕಡ್ಡಿ ಕೂತ್ರೆ ಗ್ಲೈಡರ್‌ಗೆ ಗೊತ್ತೇ ಆಗಲ್ಲ" ಎಂದು ನಗಾಡಿ ನನ್ನನ್ನು ತಬ್ಬಿಕೊಂಡೆ. ಎಂಥ ನಾಟಕ.

ಹಾರಾಟದ ದಿನ, ಭಾನುವಾರ ಬೆಳಿಗ್ಗೆ, ನನ್ನ ಸೈಕಲ್ ಪಂಕ್ಚರ್ ಆಗಿ ಅರ್ಧ ಗಂಟೆ ತಡವಾಯಿತು. ಅಷ್ಟರೊಳಗೆ ನೀನು "ಅವಳಿಗೆ ಪುಕ್ಕಲು, ನೀನೇ ಹಾರು ಅಂದಿದ್ದಾಳೆ" ಎಂದು ತಂಡದವರ ಕಿವಿಗೆಲ್ಲ ಹೂವಿಟ್ಟು ಸೀಟಿನಲ್ಲಿ ಕೂತಾಗಿತ್ತು. ನಾನು ದಿಣ್ಣೆಯ ಹತ್ತಿರ ಬರುವಾಗ ಗ್ಲೈಡರಿಗೆ ಕಟ್ಟಿದ ಹಗ್ಗ ಎಳೆಯುವವರು ಇನ್ನೂ ಸಾಲಾಗಿ ನಿಂತಿದ್ದರು. ಆಮೇಲೆ ಹಗ್ಗ ಎಳೆದುಕೊಂಡು ಓಡಿದರು. ಗ್ಲೈಡರ್ ಆಳೆತ್ತರ ಎದ್ದು, ಮೂತಿ ತಗ್ಗಿಸಿ, ನೆಲಕ್ಕೆ ಬಡಿಯಿತು. ನಿನ್ನ ಬಲಗೈ ಮುರಿದದ್ದಕ್ಕೆ ನನಗೆ ಅಳು ಬರಲಿಲ್ಲ. ರೆಕ್ಕೆ ನೋಡಿ ಅತ್ತೆ.

ಈಗ ಸೋಮವಾರ ಪ್ರಿನ್ಸಿಪಾಲರ ಮುಂದೆ ವಿಚಾರಣೆ. ಮೂತಿ ಏರಿಸಿ ಇಳಿಸುವ ಹಿಡಿಕೋಲನ್ನು ತಪ್ಪಾಗಿ ತಳ್ಳಿದ್ದು ನಾನೇ, ಕಾಲೇಜಿನಿಂದ ತೆಗೆದುಹಾಕಿದರೂ ಸರಿ ಎಂದು ಒಪ್ಪಿಕೊಳ್ಳುತ್ತೀಯಂತೆ. ಇನ್ನು ಜನ್ಮದಲ್ಲಿ ಹಾರುವುದಿಲ್ಲವಂತೆ. ಕದಿಯುವಾಗಲೂ ನಿನ್ನದೇ ಮೆರೆದಾಟ, ತಪ್ಪೊಪ್ಪುವಾಗಲೂ ನಿನ್ನದೇ. ಓದಿ ಮೈಯೆಲ್ಲ ಉರಿಯಿತು.

ನನ್ನನ್ನು ನೋಡಲು ಬರಬೇಡ. ನಿನ್ನ ಕನ್ನಡಕವನ್ನು ಶೆಡ್ಡಿನ ಮೊಳೆಗೆ ನೇತುಹಾಕಿದ್ದೇನೆ, ಯಾರ ಕೈಲಾದರೂ ತರಿಸಿಕೊ.

ಇನ್ನು ನಿನಗೆ ಯಾರೂ ಅಲ್ಲದ,
ಕಡ್ಡಿ

ತಾ.ಕ.: ತಪ್ಪು ಹಿಡಿಕೋಲಿನದಲ್ಲ. ನನ್ನ ತೂಕ ಸಾಲದೆಂದು ಶನಿವಾರ ಸಂಜೆ ಮೂತಿಯ ಹಲಗೆಯ ಕೆಳಗೆ ಹನ್ನೆರಡು ಕಿಲೊ ಮರಳಿನ ಚೀಲ ಕಟ್ಟಿದ್ದೆ. ನಿನ್ನಂಥ ಗುಂಡಮ್ಮ ಕೂತರೆ ಅದನ್ನು ಬಿಚ್ಚಲೇಬೇಕು, ಇಲ್ಲವಾದರೆ ಮೂತಿ ಭಾರವಾಗಿ ನೆಲಕ್ಕೆ ಬಾಗುತ್ತದೆ. ಚೀಲದ ವಿಷಯ ನನಗೊಬ್ಬಳಿಗೇ ಗೊತ್ತಿತ್ತು. ಕೂಗಿದರೆ ನಿನಗೆ ಕೇಳುವಷ್ಟು ಹತ್ತಿರದಲ್ಲಿದ್ದೆ. ಕೂಗಲೆಂದು ಬಾಯಿ ತೆರೆದೆ. ನನ್ನ ಸೀಟಿನಲ್ಲಿ ನೀನು ನಗುತ್ತಿದ್ದೆ. ಮುಚ್ಚಿಕೊಂಡೆ. ಎಲ್ಲರೂ ನಿನ್ನನ್ನು ಎತ್ತಿಕೊಂಡು ಹೋದ ಮೇಲೆ ಚೀಲ ಬಿಚ್ಚಿ ತಂದೆ, ಈಗ ಅದು ನನ್ನ ಮಂಚದ ಕೆಳಗಿದೆ. ಸೋಮವಾರ ಈ ಕಾಗದವನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಡು. ನಾನೇ ಬಂದು ಹೇಳುತ್ತೇನೆಂದರೆ ನಂಬಬೇಡ, ಅಲ್ಲೂ ಬಾಯಿ ಮುಚ್ಚಿಕೊಂಡು ನಿಂತುಬಿಡುತ್ತೇನೆ.