ಕೌದಿಯ ನಾಲ್ಕನೇ ಮೂಲೆ

2025 ಜನವರಿ 20, ಸೋಮವಾರ. ಬೆಳಿಗ್ಗೆ 10

ಮೂರನೇ ಸ್ಪೀಕರ್ ಮತ್ತೆ ಕೈಕೊಟ್ಟಿದೆ. ನಿನ್ನೆ ಸಂಜೆ ಸರಿಯಿತ್ತು. ಇಲ್ಲಿ ಪ್ರದರ್ಶನ ಏರ್ಪಡಿಸಿರುವ ಬಾಳೇಶ ಅವರು ವೈರು ಹಿಡಿದು ಏಣಿ ಹತ್ತಿದ್ದಾರೆ, ಇಳಿಯುವ ಲಕ್ಷಣವಿಲ್ಲ. ಈ ಹತ್ತಿ ಗೋದಾಮು ಅವರ ಸೋದರಮಾವನದು. ಖಾಲಿ ಬಿದ್ದು ಎಷ್ಟೋ ವರ್ಷವಾದರೂ ಜಂತಿಯಿಂದ ಎಳೆ ಉದುರುತ್ತಲೇ ಇದೆ. ಬೆಳಗಿನಿಂದ ಸೀನುತ್ತಿದ್ದೇನೆ.

ಗೋಕಾಕದಲ್ಲಿ ನನ್ನ ಮೊದಲ ಪ್ರದರ್ಶನ. ಪುಣೆ, ಕೊಚ್ಚಿ, ಬರೋಡಾ, ಸಮುದ್ರದಾಚೆ ಎರಡು ದೇಶ — ಎಲ್ಲ ಮುಗಿಸಿ, ನಮ್ಮ ಹುಕ್ಕೇರಿಯಿಂದ ಒಂದು ಬಸ್ಸಿನ ದೂರಕ್ಕೆ ಬರಲು ಹನ್ನೊಂದು ವರ್ಷ ಹಿಡಿಯಿತು. ಆ ದೂರದೂರಿನವರಿಗೆ ಕಬ್ಬು ಕಡಿಯಲು ಗುಂಪುಕಟ್ಟಿ ಹೋಗುವ ಟೋಳಿ ಗೊತ್ತಿಲ್ಲ. ನಾನು ಹೇಳಿದ್ದೇ ಖರೆ. ಇಲ್ಲಿ ನೋಡಲು ಬರುವವರೇ ಟೋಳಿಯಲ್ಲಿದ್ದವರು. ಒಳಗೊಳಗೇ ಪುಕುಪುಕು.

ಕೌದಿ ನಡುವೆ ತೂಗುಹಾಕಿದೆವು. ಹಳೆಯ ಬಟ್ಟೆಯ ಹದಿನೇಳು ತುಂಡು ಸೇರಿಸಿ ಹೊಲಿದ ಹೊದಿಕೆ. ಸುತ್ತ ಟೋಳಿಯ ಹೆಂಗಸರ ದನಿ, ಹಿಂದಿನ ಗೋಡೆಗೆ ಕಬ್ಬಿನ ಹೊಲದ ವಿಡಿಯೋ. ಕೆಳಗೆ ನಾನು ಮಲಗಿ ಒಂದೊಂದು ತುಂಡಿನ ಕತೆ ಹೇಳುತ್ತೇನೆ. ಇದು ಅಜ್ಜಿಯ ಇಳಕಲ್ ಸೀರೆ, ಇದು ಅಪ್ಪನ ಅಂಗಿ, ಹಳದಿ ಚುಕ್ಕಿಯ ಈ ಕೆಂಪು ಲಂಗ ಚಿಕ್ಕವ್ವನದು. ಕೊನೆಗೆ ನಾಲ್ಕನೇ ಮೂಲೆ. ಹೊದ್ದವರು ಹಸಿದಿರಬಾರದೆಂದು, ಕೌದಿ ಮುಗಿಸುವಾಗ ಕೊನೆಯ ಮೂಲೆಯಲ್ಲಿ ಏನಾದರೂ ತಿನ್ನುವುದನ್ನಿಟ್ಟು ಹೊಲಿಯುತ್ತಾರೆ ನಮ್ಮವರು. ಜನರನ್ನು ಕರೆದು ಆ ಮೂಲೆ ಮುಟ್ಟಿಸುತ್ತೇನೆ. ನನ್ನ ಅಜ್ಜಿಯ ಜೋಳ, ಎನ್ನುತ್ತೇನೆ. ಕೆಲವರು ಅತ್ತೇಬಿಡುತ್ತಾರೆ.

ಜನವರಿ 22, ಬುಧವಾರ. ಸಂಜೆ 5

ಪೋಸ್ಟರ್ ಬಂತು. ಕೆಂಪು ಲಂಗದ ತುಂಡು ಇಷ್ಟು ದೊಡ್ಡದಾಗಿ. ಕೆಳಗೆ ನನ್ನ ಹೆಸರು, ಸಪ್ನಾ. ಅದರ ಕೆಳಗೆ ನನ್ನದೇ ಮೊಬೈಲ್ ನಂಬರು! ಬಾಳೇಶರಿಗೆ ಬುದ್ಧಿ ಎಲ್ಲಿತ್ತೋ. ಹುಕ್ಕೇರಿ, ಮೂಡಲಗಿ ಬಸ್ ಸ್ಟ್ಯಾಂಡಿನವರೆಗೂ ಅಂಟಿಸಿ ಬಂದಿದ್ದಾರೆ.

ನಾಲ್ಕಕ್ಕೆ ಒಂದು ಕಾಲ್. ವಯಸ್ಸಾದ ಹೆಂಗಸಿನ ದನಿ, ಹಿಂದೆ ಬಸ್ಸಿನ ಗದ್ದಲ. ಆ ಕೌದಿ ನಿಮಗ ಎಲ್ಲಿ ಸಿಕ್ಕತ್ರಿ ಬಾಯಾರ, ಅಂದರು. ಸಿಕ್ಕಿದ್ದಲ್ಲ, ನಮ್ಮ ಅಜ್ಜಿ ಹೊಲಿದದ್ದು ಎಂದೆ. ಅಷ್ಟೇ. ಕಟ್ ಆಯಿತು.

ಏನೂ ಆಗಿಲ್ಲ ನಿಜ. ಆದರೂ ಆ ನಂಬರು ಸೇವ್ ಮಾಡಿಟ್ಟುಕೊಂಡೆ.

ಜನವರಿ 23, ಗುರುವಾರ. ಮಧ್ಯಾಹ್ನ 2

ಅದೇ ನಂಬರು. ಈ ಸಲ ಹೆಸರು ಹೇಳಿದರು. ಉದ್ದವ್ವ, ಮೂಡಲಗಿಯವರು. ಎಂಬತ್ತೆಂಟರ ಚಳಿಗಾಲದಲ್ಲಿ ಸಾಂಗಲಿ ಕಡೆ ಟೋಳಿಯಲ್ಲಿದ್ದರಂತೆ. ಒಂಬತ್ತು ಸಂಸಾರ. ಅದರಲ್ಲಿ ಹುಕ್ಕೇರಿಯವರೂ ಇದ್ದರು. ನಾನು ಹುಟ್ಟಿದ್ದು ಅದೇ ವರ್ಷ, ಸಾಂಗಲಿ ಕಡೆಯ ಟೋಳಿಯಲ್ಲೇ.

ಅವರಿಗೊಬ್ಬ ಮಗಳು, ಸಾವಂತ್ರೆವ್ವ. ಏಳು ವರ್ಷ. ಆ ಕೆಂಪು ಲಂಗ ಅವಳದಂತೆ. ಅಲ್ಲೇ ಅವಳ ಮುಂದಿನ ಹಲ್ಲು ಬಿತ್ತು.

"ಹಲ್ಲ ಬಿದ್ದರ ಮನಿ ಮ್ಯಾಲ ಒಗೀಬೇಕಲ್ರಿ. ಅಲ್ಲಿ ಮನಿ ಎಲ್ಲೈತ್ರಿ, ಕಬ್ಬಿನ ರವದಿ ಗುಡಸಲ. ಊರಿಗೆ ಹೋದ ಮ್ಯಾಲ ನಮ್ಮ ಮನಿ ಮ್ಯಾಲ ಒಗದರಾತು ಅಂತ, ಕೌದಿ ನಾಕನೇ ಮೂಲ್ಯಾಗ ಇಟ್ಟ ಹೊಲದೆ."

ಆಮೇಲೆ ಕೌದಿ ಕಳೆಯಿತು. ಮಗಳೂ ಉಳಿಯಲಿಲ್ಲ.

"ಕೌದಿ ನೀವ ಇಟಗೋರಿ ಬಾಯಾರ. ಹಲ್ಲ ಅಷ್ಟ ಕೊಡ್ರಿ."

ಆ ಮೂಲೆಯಲ್ಲಿ ಜೋಳ ಇದೆ ಎಂದೆ. ಸುಳ್ಳಲ್ಲ. ಇದೆ. ನಾನೇ ಇಟ್ಟದ್ದು.

ಜನವರಿ 24, ಶುಕ್ರವಾರ. ಬೆಳಿಗ್ಗೆ 7

ಇಲ್ಲಾದರೂ ಬರೆಯಬೇಕು. 2019. ಸಮುದ್ರದಾಚೆಯ ಮ್ಯೂಸಿಯಂ. ಬೀಜ, ಕಾಳು ದೇಶದೊಳಗೆ ಬಿಡುವುದಿಲ್ಲ ಎಂದರು. ಮೂಲೆಯಲ್ಲಿ ಜೋಳ ಇದೆ ಎಂದು ಅವರಿಗೆ ಹೇಳಿದವಳೂ ನಾನೇ. ಬಿಚ್ಚಿ ತೆಗೆಯುತ್ತೇವೆ, ಒಪ್ಪಿಗೆಯೇ ಎಂದು ಕೇಳಿದರು. ಸಹಿ ಹಾಕಿ ಊಟಕ್ಕೆ ಹೋದೆ. ಅಜ್ಜಿ ಇಟ್ಟದ್ದೇನೆಂದು ನಿಂತು ನೋಡುವ ಪುರುಸೊತ್ತು ಇರಲಿಲ್ಲ ನನಗೆ. ಪುಣೆಗೆ ಬಂದು ಅಂಗಡಿಯ ಜೋಳ ತಂದು ಏಳು ಕಾಳು ಹಾಕಿ ಹೊಲಿದೆ. ಯಾರಿಗೂ ಹೇಳಲಿಲ್ಲ.

ಹಳೆಯ ಮೇಲ್ ಹುಡುಕಿದೆ. ಸಿಕ್ಕಿತು. ‘ಧಾನ್ಯ ಅಥವಾ ಅಂಥ ಗಟ್ಟಿ ವಸ್ತು, ಒಂದು. ಸುಟ್ಟು ನಾಶಪಡಿಸಲಾಗಿದೆ.’ ಕೆಳಗೆ ನನ್ನ ಸಹಿ. ಜೊತೆಗೆ ಒಂದು ಫೋಟೋ — ಸ್ಟೀಲ್ ತಟ್ಟೆ, ದೂಳು, ನಡುವೆ ಬಿಳಿಯದೊಂದು. ದೊಡ್ಡದು ಮಾಡಿ ನೋಡಿದೆ. ಜೋಳವೂ ಬಿಳಿಯೇ ತಾನೆ... ಆದರೆ ಜೋಳ ದುಂಡಗಿರುತ್ತದೆ.

ಲ್ಯಾಪ್‌ಟಾಪ್ ಮುಚ್ಚಿದೆ.

ಜನವರಿ 26, ಭಾನುವಾರ. ಹುಕ್ಕೇರಿ

ಅವ್ವ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಪ್ರದರ್ಶನಕ್ಕೆ ಬರುವುದಿಲ್ಲ, ಮೊಣಕಾಲು ನೋವು ಎಂದಳು. ಮೊನ್ನೆ ನಡೆದೇ ಸಂತೆಗೆ ಹೋಗಿ ಬಂದಿದ್ದಾಳೆ. ಮೂಡಲಗಿ ಉದ್ದವ್ವ ಯಾರು ಎಂದೆ. ಕೈ ನಿಂತಿತು.

"ಉದ್ದಿ ಇನ್ನೂ ಬದಕ್ಯಾಳೇನ?"

ಮುಂದಿನದು ಅವಳು ಹೇಳಿದ್ದು. ಟೋಳಿ ಎರಡು ಪಾಲಾಯಿತು. ಎಲ್ಲರ ಗಂಟೂ ಒಂದೇ ಟ್ರೇಲರಿನಲ್ಲಿ, ಎಲ್ಲವೂ ಒಂದೇ ತರದ ಗಂಟು. ಇಳಿಸುವಾಗ ಅದಲುಬದಲು. ಮರುದಿನ ಬಿಚ್ಚಿದಾಗ ಅವ್ವನಿಗೆ ತಿಳಿಯಿತು. ನಮ್ಮದು ಹರಕು ಕೌದಿ, ಬಂದದ್ದು ದಪ್ಪ ಕೌದಿ. ನಾನು ಹನ್ನೊಂದು ದಿನದ ಕೂಸು. ಎರಡು ದಿನ ಬಿಟ್ಟು, ಕೂಲಿಯವರನ್ನು ಕರೆದೊಯ್ದಿದ್ದ ಮುಕಾದಮ ಆ ಕಡೆಯಿಂದ ಕೇಳಿಕೊಂಡು ಬಂದ.

"ನಮ್ಮಲ್ಲಿಲ್ಲ ಅಂದೆ. ನಂಗ ನೀ ಬದಕಬೇಕಾಗಿತ್ತು. ಆ ಹುಡಿಗಿ ಸತ್ತದ್ದು ಬ್ಯಾಸಗ್ಯಾಗ ಗೊತ್ತಾತು. ಆಮ್ಯಾಲ ಯಾವ ಮಾರಿ ತಗೊಂಡ ಹೋಗಿ ಕೊಡಲಿ?"

ಹಾಗಾದರೆ ಅಜ್ಜಿಯ ಇಳಕಲ್ ಸೀರೆ? ಚಿಕ್ಕವ್ವನ ಲಂಗ? ನೀನೇ ಹೇಳಿದ್ದೆಯಲ್ಲ ಎಂದೆ.

"ನಾ ಎಲ್ಲಿ ಹೇಳೀನಿ. ನೀನ ಒಂದೊಂದಕ್ಕ ಒಂದೊಂದ ಹೆಸರ ಹೇಳಿದಿ. ನಾ ಹೂಂ ಅಂದೆ."

ಖರೆ. ಕೌದಿಯ ಬಗ್ಗೆ ಅವ್ವನನ್ನು ಕೇಳಿದ ದಿನದ ರೆಕಾರ್ಡಿಂಗ್ ನನ್ನ ಹತ್ತಿರವೇ ಇದೆ. ಅದರಲ್ಲಿ ನನ್ನ ದನಿಯೇ ಹೆಚ್ಚು. ಅದನ್ನು ಕತ್ತರಿಸಿ, ಜೋಡಿಸಿ, ಅವಳ ಹೂಂ ಅಷ್ಟನ್ನು ಉಳಿಸಿಕೊಂಡಿದ್ದೆ. ಮೂರನೇ ಸ್ಪೀಕರಿನಲ್ಲಿ ಬರುವುದು ಅದೇ.

ಬುದ್ಧನ ಫೋಟೋದ ಕೆಳಗೆ ಕೂತು ಇಬ್ಬರೂ ಹುಣಸೆಹಣ್ಣು ಬಿಡಿಸಿದೆವು. ಹೊರಡುವಾಗ ಅವ್ವ ಸೆರಗಿನ ಅಂಚು ಹಿಡಿದುಕೊಂಡೇ ಕೇಳಿದಳು, ಉದ್ದಿಗೆ ಹೇಳತಿಯೇನ ಎಂದು. ಬಸ್ಸಿನ ಹೊತ್ತಾಯಿತು ಎಂದು ಬಂದೆ.

ಜನವರಿ 30, ಗುರುವಾರ. ಮಧ್ಯಾಹ್ನ

ನಾಲ್ಕು ದಿನ ಬರೆದಿಲ್ಲ. ಪುಸ್ತಕ ಮುಟ್ಟಲೂ ಹೆದರಿಕೆ.

ರಿಹರ್ಸಲ್‌ನಲ್ಲಿ ಕೆಂಪು ಲಂಗಕ್ಕೆ ಬಂದಾಗ ತಡವರಿಸಿದೆ. ಹನ್ನೊಂದು ವರ್ಷ ಗಿಳಿಯ ಹಾಗೆ ಒಪ್ಪಿಸಿದ ಮಾತು, ಬರಲೇ ಇಲ್ಲ. ಬಾಳೇಶ ನೀರು ತಂದುಕೊಟ್ಟರು. ಊರ ಜನರ ಮುಂದಲ್ಲವೇ, ಮೊದಲು ಹಂಗ ಆಗತೈತಿ ಬಿಡ್ರಿ ಅಂದರು. ಪಾಪ.

ಹೇಳಿದರೆ ಏನೇನು ಹೋಗುತ್ತದೆ? ಪ್ರಶಸ್ತಿ, ಕ್ಯಾಟಲಾಗು, ನನ್ನ ಮೇಲೆ ಯಾರೋ ಬರೆದ ಥೀಸಿಸ್ಸು. ಹೋಗಲಿ. ನಮ್ಮಂಥವರು ನೋವನ್ನೂ ಕಟ್ಟಿ ಹೇಳುತ್ತಾರೆ ಎನ್ನಲು ಬಾಯಿ ತೆರೆದು ಕೂತವರಿದ್ದಾರೆ, ಅವರಿಗೆ ಹಬ್ಬ. ಅವ್ವನ ಹೆಸರು ಊರೂರು ತಿರುಗುತ್ತದೆ. ಇವೆಲ್ಲ ನಿಜವಾದ ಭಯಗಳೇ.

ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಇವತ್ತು ಸ್ನಾನ ಮಾಡುವಾಗ ಬಂದ ಒಂದು ಯೋಚನೆ. ಉದ್ದವ್ವ ಬಂದು ಮೂಲೆ ಬಿಚ್ಚಲಿ. ಬರುವುದು ಜೋಳ. ತಮ್ಮದಲ್ಲವೆಂದು ಹೋಗಿಬಿಡುತ್ತಾರೆ. ನಾನು ಬಾಯಿ ಬಿಡುವುದೇ ಬೇಕಿಲ್ಲ. ಆ ಯೋಚನೆ ಬಂದಾಗ ನನಗೆ ಹಾಯ್ ಎನಿಸಿತು. ಹಾಯ್ ಎನಿಸಿತಲ್ಲ ಎಂದು ಆಮೇಲೆ ಮೈ ತಣ್ಣಗಾಯಿತು.

ಫೆಬ್ರುವರಿ 2, ಭಾನುವಾರ. ಸಂಜೆ 7

ಉದ್ಘಾಟನೆ ಆಯಿತು. ಜನ ಬಂದರು, ಕೊಣ್ಣೂರಿನಿಂದ ಒಂದು ಟೆಂಪೋ ತುಂಬ ಹೆಂಗಸರು. ಸ್ಪೀಕರಿನಲ್ಲಿ ತಮ್ಮದೇ ಮಾತು ಕೇಳಿ ನಕ್ಕರು. ಪುಣೆಯಲ್ಲಿ ಯಾರೂ ಅಲ್ಲಿ ನಕ್ಕಿರಲಿಲ್ಲ. ಒಬ್ಬಳು ಕೌದಿಯ ಹೊಲಿಗೆ ನೋಡಿ, ಇದು ಮೂಡಲಗಿ ಕಡೀದ ಕೈ ಅಂದಳು. ಕೇಳಿಸದವಳಂತೆ ಮುಂದೆ ಹೋದೆ.

ನಾಲ್ಕನೇ ಮೂಲೆ ಯಾರಿಗೂ ಮುಟ್ಟಿಸಲಿಲ್ಲ. ಕೌದಿಯ ಕೆಳಗೆ ಮಲಗಲೂ ಇಲ್ಲ. ಬೆನ್ನು ನೋವೆಂದೆ. ಅವ್ವನಿಗೆ ಮೊಣಕಾಲು, ನನಗೆ ಬೆನ್ನು.

ಆರು ಮಿಸ್ಡ್ ಕಾಲ್. ಒಂದೇ ನಂಬರು.

ಫೆಬ್ರುವರಿ 4, ಮಂಗಳವಾರ. ಮಧ್ಯಾಹ್ನ 3.40

ಬಂದಿದ್ದರು. ಈಗಷ್ಟೇ ಹೋದರು. ಬರೆಯದಿದ್ದರೆ ಉಸಿರು ಕಟ್ಟುತ್ತದೆ.

ಹಸಿರು ಸೀರೆ. ಎಪ್ಪತ್ತರ ಆಸುಪಾಸು. ಕೈಯಲ್ಲಿ ಸೂಜಿದಾರದ ಡಬ್ಬಿ — ಬಿಚ್ಚಿದ ಮೂಲೆಯನ್ನು ತಿರುಗಿ ಹೊಲಿದುಕೊಡಬೇಕಲ್ಲ ಎಂದು ತಂದಿದ್ದರು! ಕೌದಿಯ ಮುಂದೆ ನಿಂತರು. ಲಂಗದ ತುಂಡು ಮುಟ್ಟಲಿಲ್ಲ, ನೋಡಿದರು ಅಷ್ಟೇ. ಕುರ್ಚಿ ಕೊಟ್ಟೆ, ನೆಲದ ಮೇಲೆಯೇ ಕೂತರು. ಆ ವರ್ಷದ ಮಾತು ತೆಗೆದರು. ದೂರಿದ್ದಲ್ಲ, ಸುಮ್ಮನೆ ಹೇಳಿದ್ದು.

"ಬದಲಿ ಬಂದದ್ದ ಬರೇ ಹರಕ ಇತ್ರಿ. ಬಾಳ ಚಳಿ ಆ ವರ್ಸ. ನಮ್ಮ ಸಾವಂತ್ರಿ ರಾತ್ರೆಲ್ಲಾ ನನ್ನ ಹೊಟ್ಟ್ಯಾಗ ಕಾಲ ತುರಕತಿದ್ಲು. ಫೆಬ್ರವರ್ಯಾಗ ಜ್ವರ ಬಂತು. ಮೂರ ದಿನ."

ನನ್ನ ವಯಸ್ಸು ಕೇಳಿದರು. ಮೂವತ್ತೇಳು ಎಂದೆ. ಬೆರಳು ಎಣಿಸಿದರು. ನನಗಿಂತ ಏಳು ವರ್ಷ ದೊಡ್ಡವಳು ಇರುತ್ತಿದ್ದಳಂತೆ.

ಆಮೇಲೆ ತಾವೇ ಹೊಲಿಗೆ ಬಿಚ್ಚಿದರು. ನಾನು ನಿಂತಿದ್ದೆ. ಕಾಳು ಅಂಗೈಗೆ ಉದುರಿದವು. ಏಳು. ಒಂದೊಂದನ್ನೇ ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. ಒಂದನ್ನು ಬಾಯಿಗಿಟ್ಟು ಕಡಿದರು. ಹೇಳಬೇಕಿತ್ತು.

"ಜ್ವಾಳಾನ ಐತಿ. ನಮ್ಮದಲ್ಲ ಬಿಡ ತಂಗಿ. ಲಂಗದ ಅರಿವಿ ಎಲ್ಲಾರ ಮನ್ಯಾಗೂ ಇರತೈತಿ. ವಯಸ್ಸಾತು, ಹುಚ್ಚ ಹಿಡದೈತಿ ನಂಗ. ನಿಮಗ ಸುಮ್ಮನ ತ್ರಾಸ ಕೊಟ್ಟೆ."

ಉಳಿದ ಆರು ಕಾಳು ಒಳಗಿಟ್ಟು ಮೂಲೆ ಹೊಲಿದರು. ಕನ್ನಡಕ ಇಲ್ಲದೆ, ನೇರ, ಒಂದೇ ಅಳತೆಯ ಹೊಲಿಗೆ. ಕೌದಿಯ ತುಂಬ ಇರುವ ಹೊಲಿಗೆಯೇ ಅದು. ಅವರ ಕಣ್ಣಿಗೆ ಅದು ಕಾಣಲಿಲ್ಲವೇ? ಕಂಡೂ ಕಾಳನ್ನೇ ನಂಬಿದರೇ? ನನಗೆ ಕಂಡಿತು. ನಾನು ಅವರ ಕಾಲು ಮುಟ್ಟಿದೆ. ಕಾಲು ಮುಟ್ಟಿದೆ, ಬಾಯಿ ಬಿಡಲಿಲ್ಲ! ಥೂ.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು, ಈಗ ಮೂಡಲಗಿಯಲ್ಲಿ ಸ್ವಂತ ಮನೆ ಆಗಿದೆಯಂತೆ, ಮೇಲೆ ಹಂಚಂತೆ.

ಮೂಡಲಗಿ ಬಸ್ಸು ನಾಲ್ಕೂಕಾಲಿಗೆ. ಬಾಳೇಶರಿಗೆ ಬಾಗಿಲು ಹಾಕಿಕೊಳ್ಳಲು ಹೇಳಿ ಬಂದಿದ್ದೇನೆ. ಆಟೋ ಬಂತು.

ಅದೇ ದಿನ. 4.50. ಬಸ್ಸಿನಲ್ಲಿ

ಕೌದಿ ಕೆಳಗಿಳಿಸಿ ಮಡಚಿ ತಂದಿದ್ದೇನೆ. ತೊಡೆಯ ಮೇಲಿದೆ. ಬಸ್ಸು ತುಂಬ ಹೆಂಗಸರು, ಆಧಾರ್ ತೋರಿಸಿ ಝೀರೋ ಟಿಕೆಟ್ ಹಿಡಿದವರು. ಉದ್ದವ್ವ ಮೂರು ಸೀಟು ಮುಂದೆ. ಇನ್ನೂ ನೋಡಿಲ್ಲ. ಕಿಟಕಿಗೆ ತಲೆ ಕೊಟ್ಟಿದ್ದಾರೆ.

ಕಲ್ಲೋಳಿ ದಾಟಿತು. ಬಾಜೂದವಳು ನನ್ನ ಮುಖ ನೋಡಿ ನೀರಿನ ಬಾಟಲಿ ಕೊಟ್ಟಳು. ಅವರು ಬೈಯಲಿ, ಹೊಡೆಯಲಿ. ಏನೂ ಅನ್ನದೆ ಸುಮ್ಮನಾಗಿಬಿಟ್ಟರೆ? ಅದಕ್ಕೇ ಹೆದರಿದ್ದೇನೆ.

ಎದುರಿಗೆ ಹೋದರೆ ಮತ್ತೆ ಬಾಯಿ ಕಟ್ಟುತ್ತದೆ, ನನ್ನನ್ನು ನಾನು ಬಲ್ಲೆ. ಬರೆದುಕೊಳ್ಳುತ್ತೇನೆ. ನೋಡಿ ಓದಿದರೂ ಆದೀತು.

ಕೌದಿ ನಿಮ್ಮದ ಐತ್ರಿ. ನಮ್ಮವ್ವ ಕೊಡಲಿಲ್ಲ, ಅದನ್ನ ಹೊದ್ದ ನಾ ಬದಕೀನಿ. ಜ್ವಾಳ ನಾ ಹಾಕಿದ್ದು. ಹಲ್ಲ

ಹಲ್ಲ ನಾನ ಸಹಿ ಮಾಡಿ ಸುಡಿಸೀನಿ.

ನಾಗನೂರು ಬಂತು. ಅವರ ಬಾಜೂದ ಹೆಂಗಸು ಇಳಿಯಲು ಎದ್ದಳು. ಉದ್ದವ್ವ ತಿರುಗಿದರು, ನನ್ನನ್ನು ಕಂಡರು, ತೊಡೆಯ ಮೇಲಿನ ಕೌದಿ ಕಂಡರು. ನಗುತ್ತಾ ಖಾಲಿ ಸೀಟಿನ ಮೇಲೆ ಕೈಯಿಟ್ಟು ಬಾ ತಂಗಿ ಅಂತಿದ್ದಾರೆ. ಈ ಪುಟ ತೆರೆದುಕೊಂಡೇ ಏಳುತ್ತಿದ್ದೇನೆ.